ಬೆಳಗಿನ ಜಾವ ಕಂಡ ದೀಪಗಳ ಸಾಲು

ಓದುಗರ ಪ್ರಶ್ನೆಗೆ ತಜ್ಞರ ಉತ್ತರ
(ಈ ಸಲ ಉತ್ತರಿಸಿದವರು ದಾವಣಗೆರೆಯ ನಿವೃತ್ತ ಭೌತಶಾಸ್ತ್ರ ಅಧ್ಯಾಪಕರು)

ಪ್ರಶ್ನೆ: ಸರ್, ನಮ್ಮದು ಚಳ್ಳಕೆರೆ ತಾಲ್ಲೂಕಿನ ಹಳ್ಳಿ. ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬರುತ್ತದೆ. ಬೆಳಗಿನ ಜಾವ ಐದರ ಸುಮಾರಿಗೆ ಈರುಳ್ಳಿಗೆ ನೀರು ಕಟ್ಟುತ್ತಿದ್ದೆ. ನೆತ್ತಿಯ ಮೇಲೆ ಒಂದೊಂದಾಗಿ ದೀಪಗಳು ಹುಟ್ಟಿಕೊಂಡವು. ಇಪ್ಪತ್ತಕ್ಕೂ ಜಾಸ್ತಿ ಇದ್ದವು. ರೈಲಿನ ಥರ ಸಾಲಾಗಿ ಮೂಡಣದ ಕಡೆ ಹೋದವು. ಸದ್ದೇ ಇಲ್ಲ. ಆಮೇಲೆ ಅದೇ ದಿಕ್ಕಿನಲ್ಲಿ, ಗುಡ್ಡದ ಮೇಲೆ ದೊಡ್ಡದೊಂದು ಬೆಳಕು ಕೆಂಪಗೆ, ಹಸಿರಾಗಿ ನಡುಗುತ್ತಾ ಅರ್ಧ ಗಂಟೆ ನಿಂತಿತ್ತು. ನಾನು ಬದುವಿನ ಮೇಲೆ ನಡೆದರೆ ಅದೂ ನನ್ನ ಜೊತೆ ಬರುತ್ತಿತ್ತು. ಹಾರುವ ತಟ್ಟೆ ಇರಬಹುದಾ? ಮನೆಯಲ್ಲಿ ಹೇಳಿದರೆ ಎಲ್ಲರೂ ನಗುತ್ತಾರೆ.

ಉತ್ತರ: ಮೊದಲು ಒಂದು ಮಾತು. ನೀವು ಕಂಡದ್ದು ನಿಜ. ನಗುವವರಿಗೆ ನಿಮ್ಮ ಕಾಗದವನ್ನು ಓದಿ ಹೇಳಿ. ಹೊತ್ತು ಬರೆದಿದ್ದೀರಿ, ದಿಕ್ಕು ಬರೆದಿದ್ದೀರಿ, ಸದ್ದಿರಲಿಲ್ಲ ಅಂತ ಬರೆದಿದ್ದೀರಿ. ಎಲ್ಲಕ್ಕಿಂತ ಮುಖ್ಯವಾಗಿ, ದೀಪಗಳು ಆಕಾಶದ ಅಂಚಿನಿಂದ ಬರಲಿಲ್ಲ, ನೆತ್ತಿಯ ಮೇಲೇ ಹುಟ್ಟಿಕೊಂಡವು ಅಂದಿದ್ದೀರಿ. ಆ ಒಂದು ಸಾಲಿನಿಂದಲೇ ನನಗೆ ಉತ್ತರ ಸಿಕ್ಕಿತು.

ಅದು ಸ್ಟಾರ್‌ಲಿಂಕ್ ಉಪಗ್ರಹಗಳ ಸಾಲು. ಇಂಟರ್ನೆಟ್ ಕೊಡಲು ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿ ಹಾರಿಸುತ್ತಿರುವ ಉಪಗ್ರಹಗಳು ಇವು. 2019ರ ಮೇ ತಿಂಗಳಲ್ಲಿ ಮೊದಲ ಸಲ ಒಂದೇ ರಾಕೆಟ್‌ನಲ್ಲಿ 60 ಹೋದವು. ಅವತ್ತಿನಿಂದ ಗುಂಪು ಗುಂಪಾಗಿ ಹೋಗುತ್ತಲೇ ಇವೆ. ಹಾರಿದ ಮೊದಲ ಕೆಲವು ದಿನ ಒಂದರ ಹಿಂದೆ ಒಂದು ಹತ್ತಿರ ಹತ್ತಿರ ಇರುತ್ತವೆ. ಆಮೇಲೆ 500 ಕಿಲೋಮೀಟರ್ ಆಸುಪಾಸಿನ ಎತ್ತರಕ್ಕೆ ಏರಿ ಚದುರಿಹೋಗುತ್ತವೆ. ಹಾಗಾಗಿ ಒಂದು ದಿನ ಕಂಡ ಸಾಲು ಮುಂದಿನ ವಾರ ಕಾಣುವುದಿಲ್ಲ.

ಅವುಗಳಲ್ಲಿ ದೀಪ ಇಲ್ಲ. ನಿಮ್ಮ ಹೊಲದಲ್ಲಿ ಇನ್ನೂ ಕತ್ತಲೆ ಇದ್ದಾಗ ಅಷ್ಟು ಎತ್ತರದಲ್ಲಿ ಆಗಲೇ ಬಿಸಿಲು ಬಿದ್ದಿರುತ್ತದೆ. ಪಡುವಣದಿಂದ ಬರುವಾಗ ಉಪಗ್ರಹ ಭೂಮಿಯ ನೆರಳಲ್ಲಿರುತ್ತದೆ, ಕಾಣುವುದಿಲ್ಲ. ನೆರಳು ದಾಟಿದ ಕೂಡಲೇ ಬಿಸಿಲು ತಾಗಿ ಹೊಳೆಯುತ್ತದೆ. ಒಂದೊಂದಾಗಿ ಹುಟ್ಟಿಕೊಂಡಂತೆ ಕಂಡದ್ದು ಅದಕ್ಕೆ. ಸಂಜೆ ಹೊತ್ತು ಇದು ಉಲ್ಟಾ: ಹೋಗುತ್ತಾ ಹೋಗುತ್ತಾ ನಡು ಆಕಾಶದಲ್ಲೇ ಆರಿಹೋಗುತ್ತವೆ.

ಇನ್ನು ಗುಡ್ಡದ ಮೇಲಿನ ಬೆಳಕು. ಅದು ಬೆಳ್ಳಿ, ಅಂದರೆ ಶುಕ್ರ. ‘ಬೆಳ್ಳಿ ಮೂಡಿತು, ಏಳ್ರೋ’ ಅಂತ ಹಿರಿಯರು ಎಬ್ಬಿಸುತ್ತಿದ್ದರಲ್ವಾ, ಅದೇ. ಗಡಿಯಾರ ಇಲ್ಲದ ಕಾಲದಲ್ಲಿ ಅದನ್ನು ನೋಡಿ ಎತ್ತು ಹೂಡುತ್ತಿದ್ದರು. ಈಗ ನಾವು ಹೊತ್ತು ನೋಡುವುದು ಮೊಬೈಲ್‌ನಲ್ಲಿ. ಹಾಗಾಗಿ ಮನೆಯ ಹಳೇ ನೆಂಟ ಬಂದರೂ ಗುರುತು ಸಿಗುವುದಿಲ್ಲ. ನನಗೆ ನಿಜಕ್ಕೂ ಬೇಜಾರಾಗುವ ವಿಷಯ ಇದು.

ಚಂದ್ರನನ್ನು ಬಿಟ್ಟರೆ ಇರುಳಿನ ಆಕಾಶದಲ್ಲಿ ಬೆಳ್ಳಿಯಷ್ಟು ಹೊಳೆಯುವ ಗ್ರಹವೂ ಇಲ್ಲ, ನಕ್ಷತ್ರವೂ ಇಲ್ಲ. ನೆಲದ ಅಂಚಿನಲ್ಲಿದ್ದಾಗ ಅದರ ಬೆಳಕು ದಪ್ಪ ಗಾಳಿಯ ಪದರ ದಾಟಿ ಬರಬೇಕು. ಬಿಸಿ ಗಾಳಿ, ತಣ್ಣನೆ ಗಾಳಿ ಬೆರೆತು ಕದಲುವಾಗ ಬೆಳಕು ಮುರಿದು ಕೆಂಪು, ಹಸಿರು ಮಿನುಗುತ್ತದೆ. ಜೊತೆಗೆ ಬರುವಂತೆ ಕಂಡದ್ದೂ ಸಹಜವೇ. ನೀವು ನಡೆದಾಗ ಹತ್ತಿರದ ಜಾಲಿ ಗಿಡ ಹಿಂದೆ ಸರಿಯುತ್ತದೆ, ಕೋಟಿಗಟ್ಟಲೆ ಕಿಲೋಮೀಟರ್ ಆಚೆ ಇರುವ ಬೆಳ್ಳಿ ಸರಿಯುವುದಿಲ್ಲ. ಬಸ್ಸಿನಲ್ಲಿ ಕೂತ ಮಗುವಿಗೆ ಚಂದಮಾಮ ಜೊತೆಯಲ್ಲೇ ಬರುತ್ತಾನಲ್ಲ, ಹಾಗೆ. ಒಂದು ಗುರುತು ನೆನಪಿಡಿ. ಬೆಳ್ಳಿ ಸೂರ್ಯನಿಂದ ಬಹಳ ದೂರ ಸರಿಯುವುದಿಲ್ಲ. ನಮ್ಮ ಕಡೆ ನಡುರಾತ್ರಿ ಅದು ಕಾಣುವುದೇ ಇಲ್ಲ. ಆ ಹೊತ್ತಿನಲ್ಲಿ ಕಂಡರೆ ಬೇರೇನನ್ನೋ ಹುಡುಕಬೇಕು.

ನಗುವವರಿಗೆ ಇದನ್ನೂ ಹೇಳಿ. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿವರೆಗೆ ಲಡಾಖ್ ಗಡಿಯಲ್ಲಿ ನಮ್ಮ ಸೈನಿಕರು ಸರೋವರದ ಮೇಲೆ ವಿಚಿತ್ರ ಬೆಳಕು ಕಂಡರು. ಒಂದೆರಡು ಸಲ ಅಲ್ಲ, 329 ಸಲ. ಚೀನಾದ ಬೇಹುಗಾರಿಕೆ ಡ್ರೋನ್ ಇರಬೇಕು ಅಂತ ಅನುಮಾನ ಬಂತು. ಕೊನೆಗೆ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳನ್ನು ಕೇಳಿದರು. ಅವರು ಲೆಕ್ಕ ಹಾಕಿ ಹೇಳಿದರು: ಒಂದು ಶುಕ್ರ, ಇನ್ನೊಂದು ಗುರು. ಹಗಲಿರುಳು ಕಣ್ಣಿಟ್ಟು ಕಾಯುವ ಸೈನಿಕರಿಗೇ ಹಾಗಾಗಿದೆ. ಕತ್ತಲೆಯಲ್ಲಿ ಒಂಟಿ ಬೆಳಕು ಕಂಡರೆ ಅದು ಎಷ್ಟು ದೂರ, ಎಷ್ಟು ದೊಡ್ಡದು ಅಂತ ಯಾರ ಕಣ್ಣಿಗೂ ತಿಳಿಯುವುದಿಲ್ಲ. ಮಿಣುಕುಹುಳ ಮಾರು ದೂರದಲ್ಲಿದ್ದರೂ ಒಂದೇ, ಟವರ್ ದೀಪ ಹತ್ತು ಮೈಲಿ ಆಚೆ ಇದ್ದರೂ ಒಂದೇ. ಉಳಿದದ್ದನ್ನು ಮನಸ್ಸು ತುಂಬಿಕೊಳ್ಳುತ್ತದೆ. ಅಜ್ಜಿಯ ಕಾಲದಲ್ಲಿ ಅದು ಕೊಳ್ಳಿ ದೆವ್ವ, ನಮ್ಮ ಕಾಲದಲ್ಲಿ ಹಾರುವ ತಟ್ಟೆ.

ಪ್ರಶ್ನೆ: ಕುದಾಪುರದ ಕಡೆ ಹಗಲಲ್ಲೇ ಬಾಲವಿಲ್ಲದ, ಮೂರು ಮೂಲೆಯ ಒಂದು ವಸ್ತು ಹಾರಿದ್ದನ್ನು ಕಂಡೆ. ಖಂಡಿತ ವಿಮಾನ ಅಲ್ಲ. ಸರ್ಕಾರ ಏನೋ ಮುಚ್ಚಿಡುತ್ತಿದೆಯಾ? (ಓದುಗರು, ನಾಯಕನಹಟ್ಟಿ)

ಉತ್ತರ: ವಿಮಾನವೇ ಇರಬೇಕು, ಆದರೆ ನಾವು ನೋಡಿ ರೂಢಿಯಿರುವ ವಿಮಾನ ಅಲ್ಲ. ನಿಮ್ಮ ಹತ್ತಿರದಲ್ಲೇ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಇದೆ. ಹೊಸ ವಿಮಾನ, ಡ್ರೋನ್‌ಗಳನ್ನು ಅಲ್ಲೇ ಹಾರಿಸಿ ನೋಡುತ್ತಾರೆ. 2022ರ ಜುಲೈ 1ರಂದು ಬಾಲವೇ ಇಲ್ಲದ, ಬರೀ ರೆಕ್ಕೆಯಂತಿರುವ, ಪೈಲಟ್ ಇಲ್ಲದ ವಿಮಾನ ಅಲ್ಲಿಂದ ಮೊದಲ ಸಲ ಹಾರಿತು. ನೀವು ಹೇಳುವ ಆಕಾರ ಅದಕ್ಕೆ ಹೊಂದುತ್ತದೆ. ಇಸ್ರೋ 2023ರ ಏಪ್ರಿಲ್‌ನಲ್ಲಿ ರೆಕ್ಕೆಯಿರುವ, ಮತ್ತೆ ಮತ್ತೆ ಬಳಸಬಹುದಾದ ಉಡಾವಣಾ ವಾಹನದ ಮಾದರಿಯನ್ನು ಹೆಲಿಕಾಪ್ಟರ್‌ಗೆ ತೂಗುಹಾಕಿ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟಿತು. ಅದು ತಾನಾಗಿ ಬಂದು ಅಲ್ಲಿನ ರನ್‌ವೇ ಮೇಲೆ ಇಳಿಯಿತು. ಮುಂದಿನ ವರ್ಷ ಇನ್ನೆರಡು ಸಲ ಇಳಿಸಿದರು. 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ಹೊಲವೊಂದರಲ್ಲಿ ತಪಸ್ ಡ್ರೋನ್ ಬಿದ್ದಾಗ ಊರಿಗೆ ಊರೇ ನೋಡಲು ಓಡಿತ್ತು.

ರಕ್ಷಣೆಯ ಕೆಲಸದಲ್ಲಿ ಎಲ್ಲವನ್ನೂ ಮೊದಲೇ ಸಾರುವುದಿಲ್ಲ, ಅದು ಸರಿ. ಅಮೆರಿಕದಲ್ಲೂ ಇದೇ ಆಗಿತ್ತು. 1955ರಲ್ಲಿ ಯು-2 ಎಂಬ ಗುಟ್ಟಿನ ಬೇಹುವಿಮಾನ 60 ಸಾವಿರ ಅಡಿಗೂ ಮೇಲೆ ಹಾರತೊಡಗಿತು. ಅಷ್ಟು ಎತ್ತರಕ್ಕೆ ವಿಮಾನ ಹೋಗುತ್ತದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಇಳಿಹೊತ್ತಿನ ಬಿಸಿಲಿಗೆ ಅದು ಬೆಂಕಿಯಂತೆ ಹೊಳೆಯುತ್ತಿತ್ತು. ಹಾರುವ ತಟ್ಟೆಯ ದೂರುಗಳು ಜಾಸ್ತಿಯಾದವು. ಅಧಿಕಾರಿಗಳಿಗೆ ಕಾರಣ ಗೊತ್ತಿದ್ದರೂ ಹೇಳುವಂತಿರಲಿಲ್ಲ. ಮುಚ್ಚಿಟ್ಟದ್ದು ಹೌದು. ಮುಚ್ಚಿಟ್ಟದ್ದು ಮನುಷ್ಯರದೇ ವಿಮಾನವನ್ನು.

ಪ್ರಶ್ನೆ: ಮಗ ಕೋಟೆ ಹತ್ತಿರ ರಾತ್ರಿ ತೆಗೆದ ಫೋಟೊದಲ್ಲಿ ಹಸಿರು ಉಂಡೆ ತೇಲುತ್ತಿದೆ. ತೆಗೆಯುವಾಗ ಕಣ್ಣಿಗೆ ಏನೂ ಕಾಣಲಿಲ್ಲವಂತೆ. (ಗೃಹಿಣಿ, ಚಿತ್ರದುರ್ಗ)

ಉತ್ತರ: ಫೋಟೊದಲ್ಲಿ ಬೀದಿದೀಪ ಇದೆಯಾ ನೋಡಿ, ತಾಯಿ. ದೀಪದಿಂದ ಚಿತ್ರದ ನಡುಬಿಂದುವಿಗೆ ಗೆರೆ ಎಳೆದು, ಅಷ್ಟೇ ಮುಂದಕ್ಕೆ ಎಳೆಯಿರಿ. ಉಂಡೆ ಅಲ್ಲೇ ಸಿಕ್ಕರೆ ಅದು ಕ್ಯಾಮೆರಾದ ಗಾಜಿನೊಳಗೆ ದೀಪದ ಬೆಳಕು ಪುಟಿದು ಬಿದ್ದ ಗುರುತು. ಅದೇ ಜಾಗದಲ್ಲಿ ಮೊಬೈಲ್ ಅಲ್ಲಾಡಿಸಿದರೆ ಉಂಡೆ ದೀಪಕ್ಕೆ ಎದುರು ದಿಕ್ಕಿನಲ್ಲಿ ಓಡುತ್ತದೆ. ಮಗನಿಂದಲೇ ಮಾಡಿಸಿ, ಖುಷಿಪಡುತ್ತಾನೆ.

ಪ್ರಶ್ನೆ: ಅಮೆರಿಕದ ರಕ್ಷಣಾ ಇಲಾಖೆಯೇ ಯುಎಫ್‌ಒ ವಿಡಿಯೊ ಬಿಡುಗಡೆ ಮಾಡಿದೆ. ಇನ್ನೂ ನಂಬದಿದ್ದರೆ ಹೇಗೆ ಸರ್? (ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ)

ಉತ್ತರ: ಬಿಡುಗಡೆ ಮಾಡಿದ್ದು ಹೌದು, 2020ರ ಏಪ್ರಿಲ್‌ನಲ್ಲಿ. ನೌಕಾಪಡೆಯ ಪೈಲಟ್‌ಗಳು ತೆಗೆದ ಮೂರು ತುಣುಕುಗಳು. ಆದರೆ ಇಲಾಖೆ ಹೇಳಿದ್ದು ‘ಇದು ಏನೆಂದು ಗುರುತಿಸಿಲ್ಲ’ ಅಂತ ಮಾತ್ರ. ‘ಬೇರೆ ಲೋಕದ್ದು’ ಅಂತ ಸೇರಿಸಿಕೊಂಡವರು ನಾವು. ಯುಎಫ್‌ಒ ಅಂದರೆ ಗುರುತು ಸಿಗದ ಹಾರುವ ವಸ್ತು. ಗುರುತು ಸಿಕ್ಕಿಲ್ಲ ಅಂದಮೇಲೆ ಅನ್ಯಗ್ರಹದ್ದು ಅಂತ ಗುರುತು ಹಿಡಿಯುವುದು ಹೇಗೆ, ಹೇಳಿ.

ಅಮೆರಿಕದ ವಾಯುಪಡೆ 1969ರವರೆಗೆ ಇಂಥ 12,618 ವರದಿಗಳನ್ನು ಕೂಡಿಹಾಕಿತ್ತು. ಹೆಚ್ಚಿನವು ನಕ್ಷತ್ರ, ಗ್ರಹ, ಬಲೂನು, ವಿಮಾನ. 701ಕ್ಕೆ ಉತ್ತರ ಸಿಗಲಿಲ್ಲ. ಅಲ್ಲಿನ ಗುಪ್ತಚರ ಇಲಾಖೆಯ 2021ರ ವರದಿಯಲ್ಲಿ 144 ಪ್ರಕರಣ ಇದ್ದವು, ಖಚಿತವಾಗಿ ಬಿಡಿಸಿದ್ದು ಒಂದನ್ನು ಮಾತ್ರ. ಗಾಳಿ ಇಳಿಯುತ್ತಿದ್ದ ದೊಡ್ಡ ಬಲೂನು ಅದು. ಉಳಿದವಕ್ಕೆ ಸಾಕಷ್ಟು ಮಾಹಿತಿಯೇ ಇರಲಿಲ್ಲ. 2023ರಲ್ಲಿ ನಾಸಾ ನೇಮಿಸಿದ ತಂಡ ಹೇಳಿದ್ದೂ ಅದೇ: ಅನ್ಯಲೋಕದವು ಎನ್ನಲು ಪುರಾವೆ ಇಲ್ಲ, ಒಳ್ಳೆಯ ಮಾಹಿತಿ ಬೇಕು, ಕಂಡದ್ದನ್ನು ಹೇಳುವವರನ್ನು ಹೀಗಳೆಯುವುದು ನಿಲ್ಲಬೇಕು. ಈ ಕೊನೆಯ ಮಾತು ನನಗೆ ಬಹಳ ಹಿಡಿಸಿತು.

ನಮ್ಮಲ್ಲೂ ಉತ್ತರ ಸಿಗದ್ದು ಇದೆ. 2023ರ ನವೆಂಬರ್ 19ರಂದು ಇಂಫಾಲ್ ವಿಮಾನ ನಿಲ್ದಾಣದ ಮೇಲೆ ಏನೋ ಹಾರುವುದು ಕಂಡು ಕೆಲ ಗಂಟೆ ವಿಮಾನ ಸಂಚಾರ ನಿಲ್ಲಿಸಿದರು. ಹುಡುಕಲು ರಫೇಲ್ ಯುದ್ಧವಿಮಾನಗಳು ಹೋದವು. ಏನೂ ಸಿಗಲಿಲ್ಲ. ಅದನ್ನು ‘ಗೊತ್ತಿಲ್ಲ’ ಅಂತಲೇ ಬರೆದಿಟ್ಟುಕೊಳ್ಳೋಣ.

ಪ್ರಶ್ನೆ: ಸರ್, ನೀವು ಯಾವತ್ತಾದರೂ ನೋಡಿದ್ದೀರಾ? ಬೇರೆ ಕಡೆ ಜೀವಿಗಳು ಇದ್ದಾರಾ? (9ನೇ ತರಗತಿ ವಿದ್ಯಾರ್ಥಿನಿ, ಹರಿಹರ)

ಉತ್ತರ: ಇರಬಹುದು ಮಗಳೇ. ಬೇರೆ ನಕ್ಷತ್ರಗಳ ಸುತ್ತ 5 ಸಾವಿರಕ್ಕೂ ಹೆಚ್ಚು ಗ್ರಹಗಳು ಪತ್ತೆಯಾಗಿವೆ. ಎಲ್ಲೋ ಒಂದು ಕಡೆ ಜೀವ ಇದ್ದರೆ ನನಗೆ ಆಶ್ಚರ್ಯ ಆಗುವುದಿಲ್ಲ. ಆದರೆ ಸೂರ್ಯನನ್ನು ಬಿಟ್ಟರೆ ನಮಗೆ ತೀರಾ ಹತ್ತಿರದ ನಕ್ಷತ್ರದಿಂದ ಬೆಳಕು ಬರಲೇ 4 ವರ್ಷಕ್ಕೂ ಜಾಸ್ತಿ ಬೇಕು. ನಾಸಾದ ವೊಯೇಜರ್-1 ನೌಕೆ ಸೆಕೆಂಡಿಗೆ 17 ಕಿಲೋಮೀಟರ್ ಓಡುತ್ತಿದೆ. ಆ ವೇಗದಲ್ಲಿ ಅಷ್ಟು ದೂರ ಹೋಗಲು 70 ಸಾವಿರ ವರ್ಷಕ್ಕೂ ಹೆಚ್ಚು ಹಿಡಿಯುತ್ತದೆ. ಎಲ್ಲೋ ಇರುವುದು ಬೇರೆ, ಇಲ್ಲಿಗೆ ಬರುವುದು ಬೇರೆ.

ನಾನು ನೋಡಿದ್ದೇನೆ. ಮೂವತ್ತು ವರ್ಷದ ಹಿಂದೆ, ಹೊಳಲ್ಕೆರೆಯಿಂದ ಕೊನೆಯ ಬಸ್ಸಿನಲ್ಲಿ ಬರುತ್ತಿದ್ದೆ. ಕಿಟಕಿಯಾಚೆ ಕಿತ್ತಳೆ ಬಣ್ಣದ ಒಂದು ಬೆಳಕು ಮೆಲ್ಲಗೆ ಕೆಳಗಿಳಿಯಿತು, ನಿಂತಿತು, ಆರಿಹೋಯಿತು. ಬಸ್ಸಿನಲ್ಲಿ ಎಲ್ಲರೂ ನಿದ್ದೆಯಲ್ಲಿದ್ದರು. ಹೇಳಿದರೆ ನಗುತ್ತಾರೆ ಅಂತ ಯಾರಿಗೂ ಹೇಳಲಿಲ್ಲ, ಬರೆದೂ ಇಡಲಿಲ್ಲ.

ನೀನು ಹಾಗೆ ಮಾಡಬೇಡ. ಏನಾದರೂ ಕಂಡರೆ ಮೊದಲು ಗಡಿಯಾರ ನೋಡು. ಯಾವ ಮರ, ಯಾವ ಕಂಬದ ಮೇಲೆ ಇತ್ತು ಅಂತ ಗುರುತು ಮಾಡಿಕೊ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿ. ಒಂದು ಮುಷ್ಟಿ ಅಂದರೆ ಸುಮಾರು 10 ಡಿಗ್ರಿ. ನೆಲದಿಂದ ಎಷ್ಟು ಮುಷ್ಟಿ ಮೇಲಿತ್ತು ಎಣಿಸು. ಸದ್ದು, ಬಣ್ಣ, ಎಷ್ಟು ಹೊತ್ತು, ಎಲ್ಲ ಬರಿ. ಯಾರ ಜೊತೆಗೂ ಮಾತಾಡುವ ಮೊದಲೇ ಬರಿ, ಮಾತಾಡಿದ ಮೇಲೆ ನೆನಪು ಬದಲಾಗುತ್ತದೆ. ಆಮೇಲೆ ಮೊಬೈಲ್‌ನಲ್ಲಿ ಸ್ಟೆಲೇರಿಯಂ ಆ್ಯಪ್ ತೆಗೆದು ಅದೇ ದಿನ, ಅದೇ ಹೊತ್ತಿನ ಆಕಾಶ ನೋಡು. ಗ್ರಹ ಆಗಿದ್ದರೆ ಅಲ್ಲೇ ಸಿಗುತ್ತದೆ. ಸಿಗದಿದ್ದರೆ ನನಗೆ ಕಾಗದ ಬರಿ.

ಆ ಬಸ್ಸಿನ ದಾರಿಯಲ್ಲಿ ಈಗಲೂ ಹೋಗುತ್ತಿರುತ್ತೇನೆ. ಯಾವ ತಿರುವಿನಲ್ಲಿ ಕಂಡಿತ್ತು ಅಂತ ಹುಡುಕುತ್ತೇನೆ. ಎಡಗಡೆ ಕೂತಿದ್ದೆನಾ, ಬಲಗಡೆಯಾ, ಅದೂ ನೆನಪಿಲ್ಲ.