ಪಿಂಚಣಿ ಯಾರ ಹೆಸರಲ್ಲಿದೆ?

ಪ್ರಶ್ನೆ: ನನಗೆ 66 ವರ್ಷ. ಇಲ್ಲೇ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಿದ್ದೆ, ಮೊಣಕಾಲು ಕೈಕೊಟ್ಟ ಮೇಲೆ ಬಿಟ್ಟೆ. ನಮ್ಮ ಯಜಮಾನರು ಹತ್ತಿ ಮಿಲ್ಲಿನಲ್ಲಿದ್ದವರು. ಪಿಎಫ್ ಪಿಂಚಣಿ ಅಂತ ತಿಂಗಳಿಗೆ 1,460 ರೂಪಾಯಿ ಬರುತ್ತದೆ. ನಾನು 65 ದಾಟಿದವರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹಿಡಿದು ಹೋದರೆ, ‘ಮನೇಲಿ ಪಿಂಚಣಿ ಬರ್ತದಲ್ಲ ಅಜ್ಜಿ, ನಿಮಗೆ ಬರಲ್ಲ’ ಅಂತ ಕೌಂಟರಿನಲ್ಲೇ ಕಳಿಸಿಬಿಟ್ಟರು. ಖಾಸಗಿ ಮಿಲ್ಲಿನ ಪಿಂಚಣಿಗೂ ಸರ್ಕಾರದ ಪಿಂಚಣಿಗೂ ಏನು ಸಂಬಂಧ?
– ಹೆಸರು ಬೇಡ, ದಾವಣಗೆರೆ

ಉತ್ತರ: ಸಂಬಂಧ ಇದೆ ತಾಯಿ, ಆದರೆ ಅವರು ಹೇಳಿದ ಹಾಗಲ್ಲ.

ಇದೇ ತಪ್ಪನ್ನು ನಾನೂ ಮಾಡಿದ್ದೇನೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಸಂಧ್ಯಾ ಸುರಕ್ಷಾ ಶುರುವಾದದ್ದು 2007ರಲ್ಲಿ, ಆಗ ತಿಂಗಳಿಗೆ 400 ರೂಪಾಯಿ. ನಾನು ಕಂದಾಯ ಇಲಾಖೆಯಲ್ಲಿ ಗುಮಾಸ್ತ. ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ, ಎಂಟು ಮಡಿಕೆ ಮಾಡಿದ ಜೆರಾಕ್ಸ್ ಕಾಗದ ಕೊಟ್ಟಳು. ಮಡಿಕೆ ಬಿದ್ದಲ್ಲೆಲ್ಲ ಅಕ್ಷರ ಅಳಿಸಿತ್ತು, ‘ಪಿಂಚಣಿ’ ಎನ್ನುವುದೊಂದು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಕೆಂಪು ಇಂಕಿನಲ್ಲಿ ‘ಅನರ್ಹ’ ಅಂತ ಬರೆದೆ. ಆ ಕಾಗದ ಅವಳ ಗಂಡನದು. ಆದೇಶವನ್ನು ಕೂತು ಪೂರ್ತಿ ಓದಿದ್ದು ಎಷ್ಟೋ ತಿಂಗಳ ಮೇಲೆ. ಹೇಳಿ ಕಳಿಸಿದೆ, ಅಷ್ಟರಲ್ಲಿ ಅವಳು ಊರು ಬಿಟ್ಟು ಮಗಳ ಮನೆ ಸೇರಿದ್ದಳು.

ಆದೇಶದಲ್ಲಿರುವುದು ಎರಡು ಬೇರೆ ಬೇರೆ ಷರತ್ತು. ಅರ್ಜಿದಾರರು ಸರ್ಕಾರದಿಂದಾಗಲಿ ಖಾಸಗಿಯಿಂದಾಗಲಿ ಬೇರೆ ಯಾವ ಪಿಂಚಣಿಯನ್ನೂ ಪಡೆಯುತ್ತಿರಬಾರದು, ಇದು ಒಂದು. ಇದು ನಿಮ್ಮ ಯಜಮಾನರಿಗೆ ಅಡ್ಡ ಬರುತ್ತದೆ. ಅವರಿಗೆ 65 ದಾಟಿದ್ದರೂ ಸಂಧ್ಯಾ ಸುರಕ್ಷಾ ಇಲ್ಲ. ನಿಮ್ಮ ಹೆಸರಲ್ಲಿ ಯಾವ ಪಿಂಚಣಿಯೂ ಇಲ್ಲ, ಹಾಗಾಗಿ ನಿಮಗೆ ಅಡ್ಡವಿಲ್ಲ. ಇನ್ನೊಂದು ಆದಾಯದ ಮಿತಿ, ವರ್ಷಕ್ಕೆ 32,000 ರೂಪಾಯಿ. ಅವರ 1,460 ಲೆಕ್ಕಕ್ಕೆ ಬರುವುದು ಇಲ್ಲಿ. ಹನ್ನೆರಡು ತಿಂಗಳಿಗೆ 17,520 ಆಯಿತು. ನೀವಿಬ್ಬರೂ ಬೇರೆ ಕಡೆಯಿಂದ 14,480ಕ್ಕಿಂತ ಹೆಚ್ಚು ಗಳಿಸದಿದ್ದರೆ ಮಿತಿಯೊಳಗೇ ಇದ್ದೀರಿ. ಗಂಡ ಹೆಂಡತಿ ಇಬ್ಬರ ಬ್ಯಾಂಕ್ ಠೇವಣಿ ಸೇರಿ 10,000 ದಾಟಿರಬಾರದು ಅಂತಲೂ ಇದೆ. ಅದನ್ನೂ ಪಾಸ್‌ಬುಕ್ ತೆಗೆದು ನೋಡಿಕೊಳ್ಳಿ.

ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಹಾಕುವಾಗ ಪಿಂಚಣಿ ವಿಷಯ ಮುಚ್ಚಿಡಬೇಡಿ. ‘ಗಂಡನ ಪಿಎಫ್ ಪಿಂಚಣಿ, ತಿಂಗಳಿಗೆ 1,460’ ಅಂತಲೇ ಬರೆಸಿ. ‘ತಿಂಗಳಿಗೆ’ ಎಂಬ ಮಾತು ಬಿಟ್ಟುಹೋಗಿ ಅರ್ಜಿ ಕೆಟ್ಟದ್ದನ್ನು ಕಂಡಿದ್ದೇನೆ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಕೇಳಿ ಪಡೆಯಿರಿ. ಕೊಡಲ್ಲ ಅಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿನಲ್ಲಿ ‘ಬರಲ್ಲ’ ಅಂದದ್ದಕ್ಕೆ ತಹಶೀಲ್ದಾರರ ಮುಂದೆ ನಿಂತರೂ, ಪಿಂಚಣಿ ಅದಾಲತ್ತಿಗೆ ಹೋದರೂ ತೋರಿಸಲು ಏನೂ ಇರುವುದಿಲ್ಲ.

ಕೇಳಲು ಕಷ್ಟವಾದರೂ ಇನ್ನೊಂದು ಮಾತು ಹೇಳಲೇಬೇಕು. ಯಜಮಾನರು ನಿಮಗಿಂತ ಮೊದಲು ಹೋದರೆ, ಅವರ ಪಿಂಚಣಿಯ ಅರ್ಧ ನಿಮಗೆ ವಿಧವಾ ಪಿಂಚಣಿಯಾಗಿ ಬರುತ್ತದೆ. ಅರ್ಧ ಅಂದರೆ 730. ಆದರೆ 2014ರಿಂದ ಕನಿಷ್ಠ 1,000 ಎಂದು ನಿಗದಿಯಾಗಿರುವುದರಿಂದ 1,000 ಸಿಗುತ್ತದೆ. ಅವತ್ತಿನಿಂದ ನೀವೇ ಪಿಂಚಣಿದಾರರು! ಮೊದಲ ಷರತ್ತು ಆಗ ನಿಮ್ಮ ಮೇಲೆಯೇ ಬಿದ್ದು ಸಂಧ್ಯಾ ಸುರಕ್ಷಾದ 1,200 ನಿಲ್ಲಬೇಕಾಗುತ್ತದೆ. ಸಾವಿರ ಬಂದು ಸಾವಿರದ ಇನ್ನೂರು ಹೋಗುವ ಈ ಲೆಕ್ಕ ಯಾವ ನ್ಯಾಯವೋ ನನಗಂತೂ ಅರ್ಥವಾಗಿಲ್ಲ. ಹಾಗಂತ ಎರಡನ್ನೂ ಸುಮ್ಮನೆ ತೆಗೆದುಕೊಳ್ಳುತ್ತಾ ಹೋಗಬೇಡಿ. ಎರಡಕ್ಕೂ ಒಂದೇ ಆಧಾರ್. ಗೊತ್ತಾದ ದಿನ ಹಳೆಯದನ್ನೆಲ್ಲ ವಾಪಸ್ ಕಟ್ಟಿ ಅಂದರೆ ಎಲ್ಲಿಂದ ತರುತ್ತೀರಿ?

ಪ್ರಶ್ನೆ: ಅಪ್ಪನಿಗೆ 67, ಸಂಧ್ಯಾ ಸುರಕ್ಷಾ 1,200 ಬರುತ್ತಿದೆ. ಹೊಲದ ಒಂದು ತುಂಡು ಮಾರಿದ 6 ಲಕ್ಷವನ್ನು ವಿಮೆ ಕಂಪನಿಯ ಪಿಂಚಣಿ ಪ್ಲಾನಿಗೆ ಹಾಕಿದರೆ ತಿಂಗಳಿಗೆ 3,500 ಬರುತ್ತದೆ ಎನ್ನುತ್ತಾರೆ ಏಜೆಂಟರು. ಹಾಕಬಹುದೇ? ರೇಷನ್ ಕಾರ್ಡಿಗೆ ತೊಂದರೆ ಆಗುತ್ತದೆಯೇ?
– ಓದುಗ, ಹಿರಿಯೂರು

ಉತ್ತರ: ಏಜೆಂಟರ ಲೆಕ್ಕದ ಚೀಟಿಯಲ್ಲಿ ಆ 1,200 ಇರುವುದಿಲ್ಲ, ನೀವೇ ಬರೆದುಕೊಳ್ಳಿ. ವಿಮೆ ಕಂಪನಿಯ ಪಿಂಚಣಿಯೂ ಖಾಸಗಿ ಪಿಂಚಣಿಯೇ. ಸಾಲದ್ದಕ್ಕೆ ವರ್ಷಕ್ಕೆ 42,000 ಆಗಿ 32,000ದ ಮಿತಿಯನ್ನೂ ದಾಟುತ್ತದೆ. 1,200 ಹೋದ ಮೇಲೆ ಮನೆಗೆ ನಿಜವಾಗಿ ಹೆಚ್ಚುವುದು 2,300. ಅಷ್ಟಕ್ಕೆ 6 ಲಕ್ಷ ಕಟ್ಟಿಹಾಕಬೇಕೇ, ಅಪ್ಪ ತೀರಿಕೊಂಡ ಮೇಲೆ ಆ ದುಡ್ಡು ಅಮ್ಮನಿಗೋ ನಿಮಗೋ ವಾಪಸ್ ಬರುವ ಪ್ಲಾನೋ ಅಲ್ಲವೋ, ಇದನ್ನು ಕೇಳಿಕೊಂಡು ಸಹಿ ಹಾಕಿಸಿ. ಒಮ್ಮೆ ಪಿಂಚಣಿ ಶುರುವಾದರೆ ಪ್ಲಾನ್ ಬದಲಿಸುವುದು ಕಷ್ಟ.

‘ಹಾಗಾದರೆ ಎಫ್‌ಡಿ ಮಾಡಿದರೆ?’ ಅಂತ ಮುಂದಿನ ಪತ್ರ ಬರೆಯುತ್ತೀರೆಂದು ಗೊತ್ತು. ಠೇವಣಿಯ ಮಿತಿ 10,000 ಅಂತ ಮೇಲೆಯೇ ಹೇಳಿದೆನಲ್ಲ. ಹೊಲ ಮಾರಿದ ದುಡ್ಡು ಅಪ್ಪನ ಹೆಸರಲ್ಲಿ ಬ್ಯಾಂಕಿನಲ್ಲಿ ಕೂತ ದಿನವೇ ಆ 1,200ರ ಹಕ್ಕು ಹೋಯಿತು. ಸದ್ಯ ಪಡೆಯುತ್ತಿರುವುದನ್ನು ನಾಡಕಚೇರಿಗೆ ತಿಳಿಸಿ ನಿಲ್ಲಿಸುವುದು ಒಳ್ಳೆಯದು.

ರೇಷನ್ ಕಾರ್ಡಿನ ಲೆಕ್ಕ ಬೇರೆ. ಬಿಪಿಎಲ್‌ಗೆ ಇಡೀ ಕುಟುಂಬದ ಆದಾಯ ವರ್ಷಕ್ಕೆ 1.2 ಲಕ್ಷ ದಾಟಬಾರದು. ಅಪ್ಪನ 42,000ಕ್ಕೆ ಅದೇ ಕಾರ್ಡಿನಲ್ಲಿರುವ ನಿಮ್ಮೆಲ್ಲರ ದುಡಿಮೆ ಕೂಡಿಸಿ ನೋಡಿ.

ಪ್ರಶ್ನೆ: ಗಂಡನಿಗೆ ಕಂಪನಿ ಪಿಂಚಣಿ ಶುರುವಾಗಿದೆ. ನನ್ನ ಗೃಹಲಕ್ಷ್ಮಿ ದುಡ್ಡು ನಿಲ್ಲುತ್ತದೆ ಅಂತ ಓಣಿಯವರು ಹೆದರಿಸುತ್ತಿದ್ದಾರೆ.
– ಗೃಹಿಣಿ, ಚಳ್ಳಕೆರೆ

ಉತ್ತರ: ಇಲ್ಲ. ಗೃಹಲಕ್ಷ್ಮಿಯ 2,000ಕ್ಕೆ ಪಿಂಚಣಿ ಅಡ್ಡವಲ್ಲ, ಎಪಿಎಲ್ ಕಾರ್ಡಿನವರಿಗೂ ಅದು ಇದೆ. ನೀವಾಗಲಿ ನಿಮ್ಮ ಗಂಡನಾಗಲಿ ಆದಾಯ ತೆರಿಗೆ ಕಟ್ಟುವವರೋ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರೋ ಆಗಿದ್ದರೆ ಮಾತ್ರ ಬರುವುದಿಲ್ಲ. ಕಾರ್ಡಿನಲ್ಲಿ ಮನೆಯ ಯಜಮಾನಿ ಎಂದು ನಿಮ್ಮ ಹೆಸರೇ ಇದೆಯಲ್ಲ?