ರೀಲ್ಸ್ ಬಂದ ಮೇಲೆ ಯಕ್ಷಗಾನ ನೋಡುವವರ ತಾಳ್ಮೆ ಹೋಯಿತೇ?

ನೋಡುವವರ ತಾಳ್ಮೆ ಹೋಗಿದೆ ಅಂತ ನನಗನಿಸುವುದಿಲ್ಲ. ನೀವು ಕೇಳಿದ್ದು ಪ್ರೇಕ್ಷಕರ ಬಗ್ಗೆ, ನನ್ನ ಚಿಂತೆ ಇರುವುದು ಕಲಾವಿದರ ಬಗ್ಗೆ.

ಹಿಂದೆ ಜನ ಇಡೀ ರಾತ್ರಿ ಎವೆಯಿಕ್ಕದೆ ಯಕ್ಷಗಾನದ ಆಟ ನೋಡುತ್ತಿದ್ದರು ಎನ್ನುವುದೇ ಪೂರ್ತಿ ನಿಜವಲ್ಲ. ನಮ್ಮ ಕಡೆ ಬಯಲಾಟಕ್ಕೆ ಚಾಪೆ ಹಿಡಿದುಕೊಂಡೇ ಹೋಗುತ್ತಿದ್ದೆವು. ದೇವಿ ಮಹಾತ್ಮೆಯಾದರೆ 'ಮಹಿಷಾಸುರ ಬರುವಾಗ ಎಬ್ಬಿಸಿ' ಎಂದು ಹೇಳಿ ಮಲಗುವುದು. ಮಹಿಷಾಸುರ ಬರುವುದು ಸಭೆಯ ಹಿಂದಿನ ಕತ್ತಲಿನಿಂದ. ಎರಡೂ ಬದಿ ದೊಂದಿ, ರಾಳದ ಪುಡಿ ಎರಚಿದಾಗ ಭಗ್ಗನೆ ಏಳುವ ಬೆಂಕಿ, ಚೆಂಡೆಯ ಅಬ್ಬರ. ಮಕ್ಕಳು ಅಮ್ಮನ ಸೆರಗಿನೊಳಗೆ. ಅದು ಮುಗಿದ ಮೇಲೆ ಅರ್ಧ ಜನ ಮತ್ತೆ ನಿದ್ದೆಗೆ. ಬಿಟ್ಟು ಬಿಟ್ಟು ನೋಡುವುದು ನಮಗೆ ಹೊಸದೇನಲ್ಲ. ಈಗ ಎಷ್ಟೋ ಆಟಗಳು ಕಾಲಮಿತಿಗೆ ಬಂದಿರುವುದಕ್ಕೂ ಬೆಳಗಿನ ಕೆಲಸ, ರಾತ್ರಿ ಹತ್ತರ ನಂತರದ ಧ್ವನಿವರ್ಧಕ ನಿಯಮ, ಹೀಗೆ ಬೇರೆ ಕಾರಣಗಳಿವೆ.

2020ರ ಜೂನ್ ಕೊನೆಗೆ ಟಿಕ್‌ಟಾಕ್ ನಿಷೇಧವಾಯಿತು, ಜುಲೈಯಲ್ಲೇ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಮಹಿಷಾಸುರನ ಪ್ರವೇಶ, ಧೀಂಗಣವೆಂಬ ರಭಸದ ಸುತ್ತುಕುಣಿತ, ಹಾಡುವ ಭಾಗವತರ ಏರುಶ್ರುತಿ, ಇವೆಲ್ಲ ಒಂದು ನಿಮಿಷದೊಳಗೆ ಚೆನ್ನಾಗಿ ಕೂರುತ್ತವೆ. ಅದನ್ನು ನೋಡಿಯೇ ಆಟಕ್ಕೆ ಬಂದ ಹುಡುಗರು ನನಗೆ ಗೊತ್ತು. ಸಂತೋಷವೇ.

ಕೂರದೇ ಇರುವುದು ಅರ್ಥಗಾರಿಕೆ, ಅಂದರೆ ಹಾಡಿದ ಪದ್ಯವನ್ನು ಪಾತ್ರಧಾರಿಗಳು ಮಾತಿನಲ್ಲಿ ಬೆಳೆಸುವುದು. ವಾಲಿ ಮೋಕ್ಷವನ್ನೇ ತೆಗೆದುಕೊಳ್ಳಿ. ಬಾಣ ತಿಂದು ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ? ಪದ್ಯ ಕವಿಯದ್ದು, ಮಾತು ಮಾತ್ರ ಆ ಕ್ಷಣದಲ್ಲೇ ಕಟ್ಟಬೇಕಾದದ್ದು. ವಾಲಿ ಒಂದೊಂದೇ ಮೆಟ್ಟಿಲೇರಿ ಕೊನೆಗೆ ರಾಮನನ್ನು ಗೋಡೆಗೆ ಒತ್ತುತ್ತಾನೆ. ರಾಮ ಅಲ್ಲಿಂದ ಬಿಡಿಸಿಕೊಂಡು ಉತ್ತರ ಹೇಳಬೇಕು. ರಸ ಇರುವುದೇ ಈ ಕೊಡು-ಕೊಳ್ಳುವಿಕೆಯಲ್ಲಿ. ತುಣುಕಿನಲ್ಲಿ ಉಳಿಯುವುದು ವಾಲಿಯ ಒಂದು ಖಡಕ್ ಮಾತು, ಒಂದು ಚಪ್ಪಾಳೆ. ರಾಮನ ಉತ್ತರ ಅದರಲ್ಲಿ ಇರುವುದೇ ಇಲ್ಲ.

ಹತ್ತಾರು ಮೊಬೈಲ್‌ಗಳು ಎದುರಿಗಿವೆ ಎಂದು ಗೊತ್ತಿರುವ ವೇಷಧಾರಿ ಯಾವುದಕ್ಕೆ ತಯಾರಾಗುತ್ತಾನೆ? ಆ ಒಂದು ಮಾತಿಗೆ. ಎದುರಿನವನಿಗೆ ಅವಕಾಶ ಕೊಟ್ಟು, ಸೋತಂತೆ ಕಂಡು, ಪ್ರಸಂಗವನ್ನು ಮೇಲಕ್ಕೆತ್ತುವವನ ಕೆಲಸ ತುಣುಕಿನಲ್ಲಿ ಕಾಣುವುದಿಲ್ಲ. ಕಾಣದ ಕೆಲಸವನ್ನು ಕಲಿಯುವವರು ಕಡಿಮೆಯಾಗುತ್ತಾರೆ. ಜನಪ್ರಿಯ ಮಾಧ್ಯಮ ಸಂಸ್ಕೃತಿಯನ್ನು ಬದಲಿಸುವುದು ಹೀಗೆ, ಚೌಕಿಯಲ್ಲಿ ಬಣ್ಣ ಹಚ್ಚುತ್ತಿರುವ ಹುಡುಗನ ತಲೆಯೊಳಗೆ ಹೊಕ್ಕು. ಹರಕೆ ಆಟದಲ್ಲಿ, ಹರಕೆ ಹೊತ್ತು ಆಟ ಆಡಿಸುವವರು ಇಡೀ ಪ್ರಸಂಗಕ್ಕೆ ದುಡ್ಡು ಕೊಡುತ್ತಾರೆ, ಫೋನು ಲೆಕ್ಕ ಹಿಡಿಯುವುದು ಕ್ಷಣಕ್ಕೆ. ಎರಡು ಯಜಮಾನರ ನಡುವೆ ಕಲಾವಿದ ಸಿಕ್ಕಿಕೊಂಡಿದ್ದಾನೆ.

ಹಾಗಂತ ಫೋನನ್ನೇ ಬೈಯಲಾರೆ. ಅದೇ ಫೋನಿನಲ್ಲಿ ಗಂಟೆಗಟ್ಟಲೆಯ ತಾಳಮದ್ದಳೆಗಳಿವೆ. ವೇಷವಿಲ್ಲ, ಕುಣಿತವಿಲ್ಲ, ಬರೀ ಹಾಡು, ಮಾತು. ಮುಂಬೈಯಲ್ಲಿ, ಗಲ್ಫಿನಲ್ಲಿ ಇರುವ ನಮ್ಮವರು ಕಾರು ಓಡಿಸುತ್ತಾ, ಅಡುಗೆ ಮಾಡುತ್ತಾ ಕೇಳುತ್ತಾರೆ. 2006ರಲ್ಲಿ ತೀರಿಕೊಂಡ ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ದನಿ ಈಗಲೂ ಹೊಸ ಕಿವಿಗಳಿಗೆ ತಲುಪುತ್ತಿದೆ. ಗಮನ ಸತ್ತಿದ್ದರೆ ಇದು ಸಾಧ್ಯವಿತ್ತೇ?

ನಿಮಗೆ ತುಣುಕು ಹಿಡಿಸಿದ್ದರೆ ಅದೇ ಪ್ರಸಂಗದ ಪೂರ್ತಿ ಧ್ವನಿಮುದ್ರಣ ಹುಡುಕಿ, ವಾಲಿಯ ಪ್ರಶ್ನೆಯಿಂದ ಶುರು ಮಾಡಿ. ಆಟ ಚಿತ್ರೀಕರಿಸುವವರಲ್ಲಿ ನನ್ನದೊಂದು ಕೋರಿಕೆ: ರಾಮನ ಉತ್ತರವನ್ನೂ ಸೇರಿಸಿ ಹಾಕಿ. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ 2024ರ ಅಕ್ಟೋಬರಿನಿಂದ ಮೂರು ನಿಮಿಷ ಜಾಗವಿದೆ.