ಜರ್ಮನಿಯಲ್ಲಿ ಎಂ.ಎಸ್.: ದುಡ್ಡು, ಅಂಕ, ಹೆಸರಿನ ತೊಡಕು

ಪ್ರಶ್ನೆ: ಮಗಳು ವಿಟಿಯುನಲ್ಲಿ ಬಿ.ಇ. ಕೊನೆಯ ವರ್ಷದಲ್ಲಿದ್ದಾಳೆ. ಜರ್ಮನಿಯಲ್ಲಿ ಫೀಸೇ ಇಲ್ಲ ಅಂತ ಅವಳು, ಮೊದಲೇ 12 ಲಕ್ಷ ಕಟ್ಟಬೇಕು ಅಂತ ಏಜೆಂಟರು. ಯಾರ ಮಾತು ನಂಬಲಿ?
— ಒಬ್ಬ ತಂದೆ, ದಾವಣಗೆರೆ

ಉತ್ತರ: ಇಬ್ಬರ ಮಾತೂ ನಿಜ. ಆದರೆ ಆ 12 ಲಕ್ಷ ಯಾರಿಗೂ ಕಟ್ಟುವ ದುಡ್ಡಲ್ಲ, ನಿಮ್ಮ ಮಗಳದ್ದೇ. ವೀಸಾಕ್ಕಾಗಿ ಅವಳ ಹೆಸರಿನಲ್ಲಿ ‘ಬ್ಲಾಕ್ಡ್ ಅಕೌಂಟ್’ ತೆರೆದು ಒಂದು ವರ್ಷದ ಖರ್ಚು ಇಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದ ಮೊತ್ತ 11,904 ಯೂರೋ. ಕಳಿಸುವ ಮುಂಚೆ ಬದಲಾಗಿದೆಯೇ ನೋಡಿಕೊಳ್ಳಿ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಅವಳ ಕೈಸೇರುತ್ತದೆ.

ಎಡವುವುದು ಹಣ ಕಳಿಸುವಾಗ. ನಡುವಿನ ಬ್ಯಾಂಕುಗಳು ಹತ್ತಿಪ್ಪತ್ತು ಯೂರೋ ಮುರಿದುಕೊಂಡರೆ ಖಾತೆಗೆ ಬೀಳುವುದು 11,890. ಹದಿನಾಲ್ಕು ಯೂರೋ ಕಡಿಮೆಯಾದರೂ ವೀಸಾಕ್ಕೆ ಬೇಕಾದ ದೃಢೀಕರಣ ಪತ್ರ ಸಿಗುವುದಿಲ್ಲ, ಮತ್ತೆ ಹಣ ಕಳಿಸುವಷ್ಟರಲ್ಲಿ ವಾರ ಕಳೆದಿರುತ್ತದೆ. ಹೊರದೇಶಕ್ಕೆ ಹಣ ಕಳಿಸುವ ಅರ್ಜಿಯಾದ ಬ್ಯಾಂಕಿನ ಎ2 ಫಾರಂ ತುಂಬುವಾಗಲೇ ಎಲ್ಲ ಶುಲ್ಕ ಕಳಿಸುವವರದ್ದು ಎಂದು ಹೇಳಿ, ಮೇಲೆ ಸ್ವಲ್ಪ ಹೆಚ್ಚಿಗೇ ಕಳಿಸಿ. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸಿದರೆ ಟಿಸಿಎಸ್ (ಹಣ ಕಳಿಸುವಾಗಲೇ ಬ್ಯಾಂಕು ವಸೂಲು ಮಾಡುವ ತೆರಿಗೆ) ಇಲ್ಲ.

ಇದಲ್ಲದೆ 2,000 ಯೂರೋ ಆದರೂ ಬೇರೆ ಇರಲಿ. ಅಲ್ಲಿ ವಿಳಾಸ ನೋಂದಾಯಿಸಿ ಸಾಮಾನ್ಯ ಖಾತೆ ತೆರೆಯುವವರೆಗೆ ಆ 992 ಕೈಗೆ ಬಾರದು. ಕೋಣೆಯ ಮಾಲೀಕರೋ ಮೂರು ತಿಂಗಳ ಬಾಡಿಗೆವರೆಗೆ ಅಡ್ವಾನ್ಸ್ ಕೇಳಬಹುದು.

ಫೀಸಿನ ವಿಷಯದಲ್ಲೂ ಒಂದು ಮಾತು. ಹೆಚ್ಚಿನ ಸರ್ಕಾರಿ ವಿವಿಗಳಲ್ಲಿ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್ ವಂತಿಗೆಯಷ್ಟೇ. ಆದರೆ ಸ್ಟುಟ್‌ಗಾರ್ಟ್, ಕಾರ್ಲ್ಸ್‌ರೂಹೆ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಮ್ಯೂನಿಕ್‌ನ ತಾಂತ್ರಿಕ ವಿವಿಯಲ್ಲಿ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000ದಿಂದ 6,000.

ಪ್ರಶ್ನೆ: ನನ್ನ ಸಿಜಿಪಿಎ 7.0. ‘ಜರ್ಮನ್ ಗ್ರೇಡ್ 2.5 ಒಳಗಿರಬೇಕು’ ಎಂದಿದೆ. ನನಗೆ ಅವಕಾಶ ಉಂಟೇ?
— ವಿದ್ಯಾರ್ಥಿ, ಪುತ್ತೂರು

ಉತ್ತರ: ಅದು ನಿಮ್ಮ ಪಾಸಿನ ಕನಿಷ್ಠ ಅಂಕದ ಮೇಲೆ ನಿಂತಿದೆ. ಅಲ್ಲಿ 1 ಅತ್ಯುತ್ತಮ, 4 ಪಾಸು. ಗರಿಷ್ಠದಿಂದ ನಿಮ್ಮ ಅಂಕ ಕಳೆಯಿರಿ, 3ರಿಂದ ಗುಣಿಸಿ, ಗರಿಷ್ಠ ಮತ್ತು ಕನಿಷ್ಠದ ಅಂತರದಿಂದ ಭಾಗಿಸಿ, 1 ಕೂಡಿಸಿ. ನಿಮ್ಮಲ್ಲಿ ಪಾಸಿಗೆ 10ಕ್ಕೆ 4 ಸಾಕಾದರೆ 9ನ್ನು 6ರಿಂದ ಭಾಗಿಸಿ 1 ಸೇರಿಸಿದಾಗ ಸರಿಯಾಗಿ 2.5. ಕನಿಷ್ಠ 5 ಎಂದು ಅವರು ಹಿಡಿದುಬಿಟ್ಟರೆ ಅದೇ ಅಂಕ 2.8 ಆಗಿ ನೀವು ಹೊರಗೆ! ಹಾಗಾಗಿ ಪಾಸಿನ ಕನಿಷ್ಠ ಗ್ರೇಡ್ ಪಾಯಿಂಟ್ ಎಷ್ಟೆಂದು ಕಾಲೇಜಿನಿಂದ ಲೆಟರ್‌ಹೆಡ್‌ನಲ್ಲಿ ಬರೆಸಿ, ಮೊಹರು ಹಾಕಿಸಿ, ಟ್ರಾನ್ಸ್‌ಕ್ರಿಪ್ಟ್ ಜೊತೆಗೇ ಇಡಿ. ದಯವಿಟ್ಟು ಇದನ್ನು ಸಣ್ಣ ಕೆಲಸವೆಂದು ಬಿಡಬೇಡಿ.

ಪ್ರಶ್ನೆ: ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್ ಮಾತ್ರ ಇದೆ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ತೊಂದರೆಯಾದೀತೇ?
— ಓದುಗರು, ಹಾಸನ

ಉತ್ತರ: ನಮ್ಮ ಕಡೆ ಇದು ಮನೆಮನೆಯ ಕಥೆ. ಒಂದು ಆನ್‌ಲೈನ್ ಫಾರಂ ಸರ್‌ನೇಮ್ ಇಲ್ಲದೆ ಮುಂದೆ ಹೋಗುವುದಿಲ್ಲ, ಇನ್ನೊಂದಕ್ಕೆ ಚುಕ್ಕೆ ಇಟ್ಟರೂ ಸಾಕು. ಕೊನೆಗೆ ಒಬ್ಬರೇ ಮೂರು ಹೆಸರಿನವರಾಗುತ್ತೀರಿ. ಸಮಯವಿದ್ದರೆ ಇನಿಷಿಯಲ್ ವಿಸ್ತರಿಸಿ ಸರ್‌ನೇಮ್ ಸೇರಿಸಿದ ಹೊಸ ಪಾಸ್‌ಪೋರ್ಟ್ ಮಾಡಿಸಿ. ಎರಡೂ ಹೆಸರು ಒಬ್ಬರವೇ ಎಂಬ ನೋಟರಿ ಅಫಿಡವಿಟ್ ಇಂಗ್ಲಿಷ್‌ನಲ್ಲಿ ಇಟ್ಟುಕೊಳ್ಳಿ. ಇದೆಲ್ಲ ಐಇಎಲ್‌ಟಿಎಸ್ (ಇಂಗ್ಲಿಷ್ ಪರೀಕ್ಷೆ) ಮತ್ತು ಎಪಿಎಸ್ ಅರ್ಜಿಗಿಂತ ಮೊದಲೇ ಮುಗಿಯಬೇಕು. ಎಪಿಎಸ್ ಎಂದರೆ ನಿಮ್ಮ ದಾಖಲೆ ಅಸಲಿ ಎಂಬ ಪ್ರಮಾಣಪತ್ರ. ವಿದ್ಯಾರ್ಥಿ ವೀಸಾಕ್ಕೆ 2022ರ ನವೆಂಬರ್‌ನಿಂದ ಕಡ್ಡಾಯ, ಶುಲ್ಕ 18,000 ರೂಪಾಯಿ. ಅದು ಹಳೆಯ ಹೆಸರಿನಲ್ಲಿ ಬಂದುಬಿಟ್ಟರೆ ತಿದ್ದಿಸುವಷ್ಟರಲ್ಲಿ ವಿವಿಗಳ ಕೊನೆಯ ದಿನ ದಾಟಿರುತ್ತದೆ. ಅಕ್ಟೋಬರ್‌ನ ಸೆಮಿಸ್ಟರಿಗೆ ಸಾಮಾನ್ಯವಾಗಿ ಜುಲೈ 15 ಎನ್ನುತ್ತಾರಾದರೂ, ಹೊರದೇಶದವರಿಗೆ ಮೇ 31ಕ್ಕೇ, ಕೆಲವೆಡೆ ಮಾರ್ಚ್‌ನಲ್ಲೇ ಮುಚ್ಚುವ ಕೋರ್ಸ್‌ಗಳಿವೆ.